ಬಿಪಿ ಇಳಿಯದಿದ್ದರೆ ನಾನು ಮೊದಲು ಎಣಿಸುವುದು ಸ್ಟ್ರಿಪ್

“ಮಾತ್ರೆ ತಗೊಳ್ತಾನೇ ಇದ್ದೀನಿ ಡಾಕ್ಟ್ರೇ, ಆದ್ರೂ 160” ಎಂದು ಬಂದವರಿಗೆ ಅದೇ ದಿನ ಡೋಸ್ ಏರಿಸುವುದಿಲ್ಲ. “ಇವತ್ತು ಬೆಳಿಗ್ಗೆ ನುಂಗಿದ್ರಾ?” ಎಂದು ಕೇಳುತ್ತೇನೆ. ಶುಗರ್ ಟೆಸ್ಟಿಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದರೆ ಬಿಪಿ ಮಾತ್ರೆಯನ್ನೂ ಬಿಟ್ಟು ಬರುವವರುಂಟು. ನಿಷೇಧ ತಿಂಡಿ, ಕಾಫಿಗೆ. ಬಿಪಿ ಮಾತ್ರೆಯನ್ನು ನೀರಿನಲ್ಲಿ ನುಂಗಿ ಬರಬಹುದು.

ಆಮೇಲೆ ಸ್ಟ್ರಿಪ್ ತರಿಸುತ್ತೇನೆ. ದಿನಕ್ಕೊಂದರಂತೆ 30 ಕೊಂಡವರ ಬಳಿ 25ನೇ ದಿನ 5 ಉಳಿದಿರಬೇಕು. 12 ಉಳಿದಿದ್ದರೆ ವಾರಕ್ಕೆ ಎರಡು ದಿನ ತಪ್ಪಿದೆ ಎಂದರ್ಥ. ಬೈದರೆ ಮುಂದಿನ ಸಲ ಖಾಲಿ ಸ್ಟ್ರಿಪ್ ತೋರಿಸುತ್ತಾರೆ, ಅಷ್ಟೇ. ಕಾರಣ ಹುಡುಕಬೇಕು. ಬಿಪಿ ಮಾತ್ರೆ ಅಮ್ಲೋಡಿಪಿನ್ 10 ಮಿಗ್ರಾಂನಲ್ಲಿ ಕೆಲವರಿಗೆ ಕಾಲು ಊದುತ್ತದೆ, ಜನ ಹೇಳದೆ ಬಿಟ್ಟುಬಿಡುತ್ತಾರೆ. ಈ ಊತ ಮೂತ್ರದ ಮಾತ್ರೆಗೆ (ಮೂತ್ರ ಹೆಚ್ಚಿಸುವ ಮಾತ್ರೆಗೆ) ಅಷ್ಟಾಗಿ ಬಗ್ಗದು. ಅಮ್ಲೋಡಿಪಿನ್ 5ಕ್ಕೆ ಇಳಿಸಿ, ಬೇರೆ ವರ್ಗದ ಬಿಪಿ ಮಾತ್ರೆ ಟೆಲ್ಮಿಸಾರ್ಟನ್ 40 ಸೇರಿಸಿದರೆ ಊತವೂ ತಗ್ಗುತ್ತದೆ, ಬಿಪಿಯೂ.

ಕೆಲವೊಮ್ಮೆ ಅಳತೆಯಲ್ಲೇ ತಪ್ಪಿರುತ್ತದೆ. ಮೂತ್ರ ಮಾಡಿಸಿ, ಐದು ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಡಿಸಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಕಾಣುತ್ತದೆ. ಒಳಗಿನ ರಬ್ಬರ್ ಚೀಲ ತೋಳಿನ ಸುತ್ತಳತೆಯ 80% ಆವರಿಸಬೇಕು. ಅನುಮಾನವಿದ್ದರೆ ಮನೆಯಲ್ಲೇ ಏಳು ದಿನ, ಬೆಳಿಗ್ಗೆ ಸಂಜೆ ಎರಡೆರಡು ಸಲ ಬರೆದಿಡಲು ಹೇಳುತ್ತೇನೆ. ಮೊದಲ ದಿನದ್ದು ಬಿಟ್ಟು ಸರಾಸರಿ 135/85 ದಾಟಿದ್ದರೆ ಮಾತ್ರ ಮುಂದಿನ ಹೆಜ್ಜೆ.

ಬೇರೆ ಏನು ಔಷಧಿ ಎಂದರೆ “ಏನೂ ಇಲ್ಲ” ಅನ್ನುತ್ತಾರೆ. ಮಂಡಿ ನೋವಿಗೆ ಏನು ಎಂದು ಕೇಳಿದಾಗಲೇ ಡೈಕ್ಲೋಫೆನಾಕ್ ಹೊರಬರುವುದು. ಅದು ಉಪ್ಪು, ನೀರನ್ನು ಮೈಯಲ್ಲೇ ಹಿಡಿದಿಡುತ್ತದೆ. ಟೆಲ್ಮಿಸಾರ್ಟನ್ ಮತ್ತು ಮೂತ್ರದ ಮಾತ್ರೆಯ ಜೊತೆ ಸೇರಿದರೆ ಕಿಡ್ನಿಗೂ ಪೆಟ್ಟು. ಮೂಗು ಕಟ್ಟಿದ್ದಕ್ಕೆ ನುಂಗುವ ನೆಗಡಿ ಮಾತ್ರೆ, ದಿನವೂ ಕುಡಿಯುವ ಜ್ಯೇಷ್ಠಮಧು ಕಷಾಯ ಇವನ್ನೂ ಹೆಸರು ಹಿಡಿದೇ ಕೇಳಬೇಕು.

ಉಪ್ಪು ಎಷ್ಟು ಎಂದರೆ ಎಲ್ಲರದೂ “ಕಮ್ಮಿನೇ”. ಹಾಗಾಗಿ ಪ್ಯಾಕೆಟ್ ಲೆಕ್ಕ ಹಾಕಿಸುತ್ತೇನೆ: ತಲೆಗೆ 5 ಗ್ರಾಂನಂತೆ ನಾಲ್ವರ ಮನೆಗೆ ಒಂದು ಕೆಜಿ 50 ದಿನ ಬರಬೇಕು. 25 ದಿನಕ್ಕೇ ಮುಗಿದರೆ ತಲೆಗೆ 10 ಗ್ರಾಂ. ಅಂಗಡಿಯ ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರ ಬೇರೆ.

ಇಷ್ಟೂ ಸರಿಯಿದ್ದು ಬಿಪಿ ಇಳಿಯದಿದ್ದರೆ, ಒಂದನ್ನೇ ದುಪ್ಪಟ್ಟು ಮಾಡುವುದಕ್ಕಿಂತ ಬೇರೆ ವರ್ಗದ ಮಾತ್ರೆ ಸೇರಿಸುವುದು ಲೇಸು. ಮೂರನೆಯದಾಗಿ ಮೂತ್ರದ ಮಾತ್ರೆ ಕ್ಲೋರ್‌ಥಾಲಿಡೋನ್ 12.5 ಕೊಡುತ್ತೇನೆ, ಎರಡರಿಂದ ನಾಲ್ಕು ವಾರದೊಳಗೆ ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ನೋಡುತ್ತೇನೆ. ವಯಸ್ಸಾದವರು ತಡವರಿಸಿ ಮಾತಾಡಿದರೆ, ಮಂಕಾದರೆ ಸೋಡಿಯಂ ಇಳಿದಿರಬಹುದು. ಮೂರೂ ಪೂರ್ಣ ಡೋಸಿನಲ್ಲಿದ್ದೂ ಬಗ್ಗದಿದ್ದರೆ ಗೊರಕೆ (ನಿದ್ದೆಯಲ್ಲಿ ಉಸಿರು ಕಟ್ಟುವುದು), ಕಿಡ್ನಿ, ಬಿಪಿಯನ್ನು ಏರಿಳಿಸುವ ಅಲ್ಡೋಸ್ಟಿರೋನ್-ರೆನಿನ್ ಪರೀಕ್ಷೆಯ ಕಡೆ ಗಮನ. ನಾಲ್ಕನೆಯದು ಸ್ಪೈರೊನೊಲ್ಯಾಕ್ಟೋನ್ 25. ಇದು ಪೊಟ್ಯಾಸಿಯಂ ಏರಿಸುತ್ತದೆ, ಹಾಗಾಗಿ ರಕ್ತದಲ್ಲಿ ಅದು 4.5 ಮೀರಿದ್ದರೆ ಕೊಡುವುದಿಲ್ಲ. ಕೊಟ್ಟರೆ ವಾರದಲ್ಲಿ ಮರುಪರೀಕ್ಷೆ, ಮತ್ತೆ ದಿನದ ಎಳನೀರಿಗೂ “ಕಡಿಮೆ ಸೋಡಿಯಂ” ಉಪ್ಪಿಗೂ ತಡೆ. ಎರಡರಲ್ಲೂ ಪೊಟ್ಯಾಸಿಯಂ ತುಂಬಿರುತ್ತದೆ.