ಅಮೆರಿಕದಲ್ಲಿ ಮಾಡೆಲ್ ವಿಮಾನ: ನಿಮ್ಮ ಪಕ್ಕ ಸ್ಪಾಟರ್ ಯಾಕೆ ಬೇಕು?

ಊರಿಂದ ಬಂದಿದ್ದ ಅಪ್ಪನನ್ನು ಒಂದು ಶನಿವಾರ, ರಿಮೋಟ್ ಹಿಡಿದು ಸಣ್ಣ ವಿಮಾನ ಹಾರಿಸುವ ನಮ್ಮ ಮಾಡೆಲ್ ವಿಮಾನದ ಕ್ಲಬ್ಬಿಗೆ ಕರೆದುಕೊಂಡು ಹೋದೆ. "ಇವತ್ತು ನೀವೇ ನನ್ನ ಸ್ಪಾಟರ್" ಅಂದೆ, ಅಂದರೆ ಪಕ್ಕ ನಿಂತು ಸುತ್ತಲೂ ಕಣ್ಣಿಡುವವರು. ಏನು ನೋಡಬೇಕು ಅಂತ ಹೇಳಿಕೊಡಲಿಲ್ಲ. ಅಪ್ಪ ಖುಷಿಯಿಂದ ನನ್ನ ವಿಮಾನವನ್ನೇ ನೋಡುತ್ತಾ ನಿಂತರು. ಮರಗಳ ಹಿಂದಿನಿಂದ ಒಂದು ನಿಜವಾದ ಸಣ್ಣ ವಿಮಾನ ತಗ್ಗಿನಲ್ಲಿ ಬಂದದ್ದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ಪಕ್ಕದ ಪೈಲಟ್ ಹತ್ತಿರ ನಿಂತಿದ್ದ ಹಿರಿಯರೊಬ್ಬರು ಜೋರಾಗಿ ಕೂಗಿದರು. ತಕ್ಷಣ ಕೆಳಗಿಳಿಸಿದೆ. ಇಳಿಸಿದ ಮೇಲೂ ಕೈ ನಡುಗುತ್ತಿತ್ತು.

ಸ್ಪಾಟರ್ ಅಂದರೆ ಜೊತೆಗೆ ಬಂದವರಲ್ಲ. ಹಾರಿಸುವವನು ತನ್ನ ವಿಮಾನದಿಂದ ಕಣ್ಣು ತೆಗೆಯುವ ಹಾಗಿಲ್ಲ. ಗಂಟೆಗೆ 60 ಮೈಲಿ ವೇಗದ ಮಾಡೆಲ್ ಒಂದು ಸೆಕೆಂಡಿಗೆ 88 ಅಡಿ ಹೋಗುತ್ತದೆ. ಎರಡು ಸೆಕೆಂಡ್ ಆಚೆ ನೋಡಿದರೆ ಸಾಕು, ಅದು ನಮ್ಮ ಕಡೆ ಬರುತ್ತಿದೆಯೋ ದೂರ ಹೋಗುತ್ತಿದೆಯೋ ತಿಳಿಯುವುದಿಲ್ಲ. ಹಾಗಾಗಿ ಉಳಿದ ಆಕಾಶ, ರನ್‌ವೇಗೆ ಕಾಲಿಡುವ ಜನ, ಬೇರೆಯವರ ವಿಮಾನ, ಇವೆಲ್ಲ ಸ್ಪಾಟರ್ ಪಾಲು.

ಇಲ್ಲಿನ ಕಾನೂನು ಏನು ಹೇಳುತ್ತದೆ? ಹವ್ಯಾಸಕ್ಕೆ ಹಾರಿಸುವವರು ವಿಮಾನವನ್ನು ಸದಾ ಕಣ್ಣಳತೆಯಲ್ಲೇ ಇಟ್ಟುಕೊಳ್ಳಬೇಕು. ಕಾಣಬೇಕಾದದ್ದು ನಿಮಗೆ, ಇಲ್ಲವೇ ನಿಮ್ಮ ಪಕ್ಕದಲ್ಲೇ ನಿಂತು ನೇರವಾಗಿ ಮಾತಾಡುವ ಒಬ್ಬರಿಗೆ. ಮೈದಾನದ ಆಚೆ ತುದಿಯಿಂದ ಫೋನಿನಲ್ಲಿ ಹೇಳಿದರೆ ನಡೆಯುವುದಿಲ್ಲ. ಜನ ಇರುವ ಯಾವ ವಿಮಾನಕ್ಕೂ ನೀವೇ ದಾರಿ ಬಿಡಬೇಕು. ಅವರು ತಗ್ಗಿನಲ್ಲಿ ಬಂದರೂ ಅಷ್ಟೇ.

ಗಾಗಲ್ಸ್ ಹಾಕಿಕೊಂಡು ಎಫ್‌ಪಿವಿ, ಅಂದರೆ ವಿಮಾನದ ಕ್ಯಾಮೆರಾ ಕಣ್ಣಿಂದಲೇ ನೋಡುತ್ತಾ, ಹಾರಿಸುವವರಿಗೆ ಸ್ಪಾಟರ್ ಇರಲೇಬೇಕು, ಯಾಕೆಂದರೆ ಅವರಿಗೆ ಕಾಣುವುದು ಕ್ಯಾಮೆರಾ ತೋರಿಸಿದಷ್ಟೇ. ಆಗ ಸ್ಪಾಟರ್ ನಿಮ್ಮ ವಿಮಾನವನ್ನೂ ನೋಡಬೇಕು, ಸುತ್ತಲಿನ ಆಕಾಶವನ್ನೂ ನೋಡಬೇಕು. ಕನ್ನಡಕ ಇದ್ದರೆ ತೊಂದರೆಯಿಲ್ಲ. ಬೈನಾಕ್ಯುಲರ್ ಹಿಡಿದು ನೋಡಿದರೆ ಮಾತ್ರ ಕಣ್ಣಳತೆ ಅನ್ನುವುದಿಲ್ಲ.

ಮೊದಲ ಸಲ ಹಾರಿಸುವವರು ಇಷ್ಟು ಮಾಡಿಕೊಳ್ಳಿ. ಟ್ರಸ್ಟ್ ಅನ್ನುವ ಸುರಕ್ಷತೆಯ ಆನ್‌ಲೈನ್ ಪರೀಕ್ಷೆ ಉಚಿತ. ಅದರ ಸರ್ಟಿಫಿಕೇಟನ್ನು ಜೋಪಾನವಾಗಿಡಿ, ಕಳೆದರೆ ಪರೀಕ್ಷೆ ಮತ್ತೆ ಬರೆಯಬೇಕು. ವಿಮಾನ 250 ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ತೂಗಿದರೆ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯಲ್ಲಿ ನೋಂದಣಿ ಬೇಕು. 5 ಡಾಲರ್ ಕಟ್ಟಿದರೆ 3 ವರ್ಷ ನಡೆಯುತ್ತದೆ. ಎಚ್-1ಬಿ ವೀಸಾದಲ್ಲಿದ್ದರೂ ಮಾಡಿಸಬಹುದು. ಆದರೆ ವೀಸಾದಲ್ಲಿರುವ ನಿಮ್ಮ ಮಟ್ಟಿಗೆ ಆ ನೋಂದಣಿ ಸರ್ಟಿಫಿಕೇಟು ವಿಮಾನ ನಿಮ್ಮದು ಅನ್ನುವುದಕ್ಕೆ ಗುರುತು ಅಷ್ಟೇ. 1936ರಲ್ಲಿ ಶುರುವಾದ ಅಕಾಡೆಮಿ ಆಫ್ ಮಾಡೆಲ್ ಏರೋನಾಟಿಕ್ಸ್ ಅನ್ನುವ ಹವ್ಯಾಸಿಗಳ ಸಂಘಕ್ಕೆ ಸೇರಿದ ಕ್ಲಬ್ಬುಗಳು ದೇಶದ ತುಂಬಾ ಇವೆ. ಒಬ್ಬರೇ ಪಾರ್ಕಿನಲ್ಲಿ ಹಾರಿಸುವುದಕ್ಕಿಂತ ಅಲ್ಲಿ ಕಲಿಯುವುದು ಎಷ್ಟೋ ವಾಸಿ.

ಈಗ ಮಾತಿನ ವಿಷಯ. ನಾನು ಇದನ್ನೇ ಜಾಸ್ತಿ ಒತ್ತಿ ಹೇಳುವುದು. "ಎಡಗಡೆ!" ಅಂತ ಕೂಗಿದರೆ ಯಾರ ಎಡ? ನನ್ನದೋ, ವಿಮಾನದ್ದೋ? ಅದನ್ನು ಯೋಚಿಸುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಎಡ ಬಲ ಬಿಟ್ಟು ಮೈದಾನದಿಂದ ಕಾಣುವ ಗುರುತು ಹೇಳಬೇಕು: ನೀರಿನ ಟ್ಯಾಂಕ್ ಕಡೆ, ಕೆಂಪು ಕೊಟ್ಟಿಗೆ ಕಡೆ. ಎಲ್ಲಿಂದ, ಎಷ್ಟು ಎತ್ತರ, ಏನು ಮಾಡಬೇಕು, ಇಷ್ಟೇ ಸಾಕು. ನಿಮ್ಮಿಬ್ಬರ ನಡುವೆ ಕನ್ನಡವೇ ಇರಲಿ. ಗಾಬರಿಯಲ್ಲಿ ಮೊದಲು ಬಾಯಿಗೆ ಬರುವುದು ಅದೇ ಅಲ್ವಾ? ಆದರೆ ಸಾಲಿನಲ್ಲಿ ನಿಂತ ಬೇರೆ ಪೈಲಟ್‌ಗಳಿಗೆ ತಿಳಿಯಬೇಕಾದದ್ದನ್ನು ಅಲ್ಲಿನ ರೂಢಿಯ ಮಾತಲ್ಲೇ ಕೂಗಬೇಕು. ಇಳಿಸುವಾಗ "ಲ್ಯಾಂಡಿಂಗ್", ಎಂಜಿನ್ ನಿಂತುಹೋದರೆ "ಡೆಡ್ ಸ್ಟಿಕ್". ಡೆಡ್ ಸ್ಟಿಕ್ ಅಂದ ಕೂಡಲೇ ಎಲ್ಲರೂ ರನ್‌ವೇ ಬಿಟ್ಟುಕೊಡುತ್ತಾರೆ.

ಮುಂದಿನ ಶನಿವಾರ ಹಾರಿಸುವ ಮೊದಲು ಅಪ್ಪನ ಜೊತೆ ಮೈದಾನದ ಅಂಚಿನಲ್ಲಿ ಒಂದು ಸುತ್ತು ನಡೆದೆ. ಟ್ಯಾಂಕ್, ಕೊಟ್ಟಿಗೆ, ಮರಗಳ ಸಾಲು ಎಲ್ಲ ತೋರಿಸಿದೆ. ನನ್ನ ಎಡ ಭುಜದಿಂದ ಅರ್ಧ ಹೆಜ್ಜೆ ಹಿಂದೆ ನಿಂತರು. ಫೋನು ಕಾರಿನಲ್ಲೇ ಬಿಟ್ಟಿದ್ದರು. ಹತ್ತು ನಿಮಿಷದ ಮೇಲೆ, ನನಗೆ ಸದ್ದೂ ಕೇಳಿಸುವ ಮೊದಲೇ, ಕಿವಿ ಹತ್ತಿರ ಅವರ ದನಿ: "ಟ್ಯಾಂಕ್ ಕಡೆಯಿಂದ ಹೆಲಿಕಾಪ್ಟರ್, ತಗ್ಗಿನಲ್ಲಿದೆ. ಇಳಿಸಪ್ಪ."