ಕಿಟ್ ವೈನ್‌ಗೆ ಒಣದ್ರಾಕ್ಷಿ ಹಾಕುವುದು ಹೇಗೆ?

ಅಮೆರಿಕ, ಕೆನಡಾದಲ್ಲಿ ಮನೆಯಲ್ಲೇ ವೈನ್ ಮಾಡಲು ಕಿಟ್ ಸಿಗುತ್ತದೆ. ದ್ರಾಕ್ಷಿಯ ಗಟ್ಟಿ ರಸ, ಯೀಸ್ಟ್, ಪುಡಿಗಳ ಪೊಟ್ಟಣ ಎಲ್ಲ ಒಂದೇ ಡಬ್ಬದಲ್ಲಿ. ಒಂದು ಕಿಟ್‌ಗೆ 23 ಲೀಟರ್, ಅಂದರೆ ಸುಮಾರು 30 ಬಾಟಲಿ. ಆದರೆ ಅಗ್ಗದ ಕೆಂಪು ವೈನ್ ಕಿಟ್ ಬಾಯಿಗೆ ನೀರುನೀರು ಅನ್ನಿಸುತ್ತದೆ. ಬರೀ ರಸ ಇರುತ್ತದೆ, ಸಿಪ್ಪೆ ಇರುವುದಿಲ್ಲ, ಅಲ್ವಾ? ಇಟಲಿಯ ವೆರೋನಾ ಕಡೆ ದ್ರಾಕ್ಷಿಯನ್ನು ಮೂರು-ನಾಲ್ಕು ತಿಂಗಳು ಗಾಳಿಗೆ ಒಣಗಿಸಿಯೇ ಅಮರೋನೆ ವೈನ್ ಮಾಡುತ್ತಾರೆ. ಒಣದ್ರಾಕ್ಷಿ ಹಾಕಿದರೆ, ಒಣಗಿದ ಹಣ್ಣಿನ ಆ ಗಟ್ಟಿತನ ಸ್ವಲ್ಪ ಮಟ್ಟಿಗೆ ಕಿಟ್ ವೈನ್‌ಗೂ ಬರುತ್ತದೆ.

ಒಣದ್ರಾಕ್ಷಿ ಕೊಳ್ಳುವಾಗ ಪೊಟ್ಟಣದ ಚೀಟಿ ಓದಿ. ಇದೇ ಮುಖ್ಯ. ಒಣದ್ರಾಕ್ಷಿ ಅಂಟಿಕೊಳ್ಳದಿರಲೆಂದು ಎಷ್ಟೋ ಕಡೆ ಎಣ್ಣೆ ಸವರಿರುತ್ತಾರೆ. ಅದು ವೈನ್ ಮೇಲೆ ತೇಲುತ್ತದೆ. ಕೆಡದಂತೆ ಹಾಕುವ ಪೊಟ್ಯಾಸಿಯಂ ಸಾರ್ಬೇಟ್ ಇದ್ದರೆ ಯೀಸ್ಟ್ ಬೆಳೆಯುವುದಿಲ್ಲ. ಹೊಂಬಣ್ಣದ ಒಣದ್ರಾಕ್ಷಿಗೆ ಸಾಮಾನ್ಯವಾಗಿ ಗಂಧಕ ಕೊಟ್ಟಿರುತ್ತಾರೆ, ಅದೂ ಬೇಡ. ವೈನ್ ಮಾಡುವ ದ್ರಾಕ್ಷಿ ತಳಿಯ ಒಣದ್ರಾಕ್ಷಿಯೇ ಸಿಕ್ಕರೆ ಬಣ್ಣ, ಒಗರು ಎರಡೂ ಬರುತ್ತವೆ.

23 ಲೀಟರಿಗೆ ಅರ್ಧ ಕಿಲೋ ಸಾಕು. ಜಾಸ್ತಿಯಾದರೆ ಹಣ್ಣಿನ ಪರಿಮಳ ಹೋಗಿ ಬೆಲ್ಲದ ಪಾಕದ ವಾಸನೆ ಬರುತ್ತದೆ. ಚಾಕುವಿನಿಂದ ಒರಟಾಗಿ ಹೆಚ್ಚಿ. ಮಿಕ್ಸಿಗೆ ಹಾಕಬೇಡಿ, ಬೀಜ ಒಡೆದರೆ ಕಹಿ. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ತಣ್ಣಗಾಗಲು ಬಿಡಿ. ಆ ನೀರನ್ನು ಚೆಲ್ಲದೆ ವೈನ್ ಮಾಡುವ ಬಕೆಟ್‌ಗೆ ಸುರಿದು, 23 ಲೀಟರಿನ ಲೆಕ್ಕಕ್ಕೇ ಸೇರಿಸಿಕೊಳ್ಳಿ. ದ್ರಾಕ್ಷಿಯನ್ನು ಶುದ್ಧ ಮಾಡಿದ ಬಲೆಚೀಲದಲ್ಲಿ ಸಡಿಲವಾಗಿ ಕಟ್ಟಿ, ಯೀಸ್ಟ್ ಹಾಕುವ ದಿನವೇ ಬಿಡಿ. ನೊರೆ ಉಕ್ಕುತ್ತದೆ, 30 ಲೀಟರಿನ ಬಕೆಟ್ ಇರಲಿ.

ರಸದಲ್ಲಿನ ಸಕ್ಕರೆ ಅಳೆಯುವ ಹೈಡ್ರೋಮೀಟರ್ ಮೊದಲ ದಿನ ತೋರಿಸುವುದು ಪೂರ್ತಿ ಸಕ್ಕರೆಯಲ್ಲ. ಒಣದ್ರಾಕ್ಷಿಯ ಸಕ್ಕರೆ ನಿಧಾನವಾಗಿ ಬಿಡುತ್ತದೆ. ಅರ್ಧ ಕಿಲೋದಲ್ಲಿ ಸುಮಾರು 300 ಗ್ರಾಂ ಸಕ್ಕರೆ. ಅದರಿಂದ ಮದ್ಯಾಂಶ ಶೇ 0.7ರಷ್ಟು ಏರುತ್ತದೆ. ವೈನ್ ಸಿಹಿಯಾಗುವುದಿಲ್ಲ, ಆ ಸಕ್ಕರೆಯನ್ನು ಯೀಸ್ಟ್ ತಿಂದು ಮುಗಿಸುತ್ತದೆ.

ಚೀಲ ಮೇಲೆ ತೇಲುತ್ತದೆ. ತೇಲಿದ ಕಡೆ ಒಣಗಿದರೆ ಬೂಷ್ಟು ಹಿಡಿಯುತ್ತದೆ. ಶುದ್ಧ ಮಾಡಿದ ಸೌಟಿನಿಂದ ದಿನಾ ಎರಡು ಸಲ ಒತ್ತಿ ಮುಳುಗಿಸಿ. ಐದರಿಂದ ಏಳು ದಿನಕ್ಕೆ ಚೀಲ ಎತ್ತಿ, ತಾನಾಗಿ ಸೋರಲು ಬಿಡಿ. ಜೋರಾಗಿ ಹಿಂಡಿದರೆ ಗಸಿ ಇಳಿದು ವೈನ್ ತಿಳಿಯಾಗಲು ತಡವಾಗುತ್ತದೆ. ಮುಂದಿನದೆಲ್ಲ ಕಿಟ್‌ನ ಚೀಟಿಯಂತೆ ಮಾಡಿ. ಆದರೆ ಕೊನೆಗೆ ಯೀಸ್ಟ್ ಮತ್ತೆ ಬೆಳೆಯದಿರಲೆಂದು ಕಿಟ್‌ನಲ್ಲಿ ಕೊಡುವ ಸಾರ್ಬೇಟ್ ಪೊಟ್ಟಣ ಹಾಕುವ ಮುನ್ನ ಹೈಡ್ರೋಮೀಟರ್ ಎರಡು-ಮೂರು ದಿನ ಒಂದೇ ಅಂಕಿ ತೋರಿಸುತ್ತಿದೆಯೇ ಎಂದು ನೋಡಿಕೊಳ್ಳಿ.