ಸದ್ದಿಲ್ಲದ ಪುಟದಲ್ಲಿ ಹಾಡುವ ಹುಡುಗಿ: ಚಿತ್ರಕಥೆ ಮಾಡುವವರಿಗೆ

ಕುಣಿಯುವ ಹುಡುಗಿಯನ್ನು ಚಿತ್ರಕಥೆಯಲ್ಲಿ, ಅಂದರೆ ಕಾಮಿಕ್ಸ್‌ನಲ್ಲಿ, ತೋರಿಸುವುದು ಅಷ್ಟೇನೂ ಕಷ್ಟವಲ್ಲ. 1958ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ‘ಬಂಟಿ’ ಕಾಮಿಕ್ಸ್ ವಾರಪತ್ರಿಕೆಯ ಬ್ಯಾಲೆ ನರ್ತಕಿ ಮೋಯ್ರಾ ಕೆಂಟ್ ಕಾಲ್ಬೆರಳ ತುದಿಯಲ್ಲಿ ನಿಂತರೆ ಸಾಕು, ಅವಳ ಕಲೆ ಕಣ್ಣಿಗೆ ಕಂಡುಬಿಡುತ್ತದೆ. ಅಂಥದ್ದೇ ಇನ್ನೊಂದು ಪತ್ರಿಕೆ ‘ಟ್ಯಾಮಿ’ಯ ಬೆಲ್ಲಾ ಜಿಮ್ನಾಸ್ಟಿಕ್ಸ್ ಕಂಬಿ ಹಿಡಿದು ತಿರುಗುವಾಗ ಚಿತ್ರಕಾರ ಜಾನ್ ಆರ್ಮ್‌ಸ್ಟ್ರಾಂಗ್ ಎಳೆದ ಗೆರೆಯೇ ಅವಳ ಪ್ರತಿಭೆಗೆ ಸಾಕ್ಷಿ. ಹಾಡುವವಳಿಗೆ ಈ ಅನುಕೂಲವಿಲ್ಲ. ಅವಳ ಪಾಲಿಗೆ ಬರುವುದು ತೆರೆದ ಬಾಯಿ ಒಂದೇ. ಅದು ಕಿರುಚಾಟದ ಬಾಯಿಯಂತೆಯೂ ಕಾಣಬಹುದು.

ಆದರೂ ಬ್ರಿಟನ್ನಿನ ಹುಡುಗಿಯರ ಹಳೆಯ ಕಾಮಿಕ್ಸ್‌ಗಳಲ್ಲಿ ಹಾಡಿಗೆ ಜಾಗ ಸಿಕ್ಕಿತು. ನಾನಿರುವುದು ಸ್ಕಾಟ್ಲೆಂಡಿನ ಡಂಡೀಯಲ್ಲಿ. ‘ಬಂಟಿ’, ‘ಜೂಡಿ’, ‘ಮ್ಯಾಂಡಿ’ಗಳನ್ನು ಹೊರತಂದ ಡಿ.ಸಿ. ಥಾಮ್ಸನ್ ಸಂಸ್ಥೆಯ ಊರು ಇದು. ದಾನವಾಗಿ ಬಂದ ಹಳೆಯ ವಸ್ತು ಮಾರುವ ಇಲ್ಲಿನ ಚಾರಿಟಿ ಅಂಗಡಿಗಳಲ್ಲಿ ಹಳೆಯ ವಾರ್ಷಿಕ ಸಂಚಿಕೆಗಳು ಸಿಕ್ಕಾಗಲೆಲ್ಲ ಕೊಳ್ಳುತ್ತೇನೆ, ಪೆನ್ಸಿಲ್ ಹಿಡಿದು ಪುಟಪುಟ ನಕಲು ಮಾಡುತ್ತೇನೆ. ಅವುಗಳಿಂದ ನಾನು ಕಲಿತದ್ದರ ಸಾರ ಇಷ್ಟು: ಕಾಗದದ ಮೇಲೆ ಹಾಡು ಕೇಳಿಸುವುದು ಹಾಡುವವಳ ಬಾಯಿಂದಲ್ಲ, ಕೇಳುವವರ ಮುಖದಿಂದ. ಕೆಳಗೆ ಹೇಳುವುದೆಲ್ಲ ಅದರ ವಿವರ.

ಮೊದಲು ಓದಿ. ಒಂದೇ ಕಥೆ ಓದಲು ಸಮಯವಿದ್ದರೆ ‘ಜಿಂಟಿ’ ಎಂಬ ವಾರಪತ್ರಿಕೆಯಲ್ಲಿ 1975–76ರಲ್ಲಿ ಬಂದ ‘ಸಾಂಗ್ ಆಫ್ ದ ಫರ್ ಟ್ರೀ’ ಹುಡುಕಿ. ಚಿತ್ರ ಫಿಲ್ ಟೌನ್ಸೆಂಡ್ ಅವರದು. ಎರಡನೇ ಮಹಾಯುದ್ಧ ಮುಗಿದಿದೆ. ನಾಜಿ ಶಿಬಿರದಿಂದ ಹೊರಬಂದ ಸೋಲ್ವೇಗ್ ಮತ್ತು ಅವಳ ತಮ್ಮ ಪೆರ್ ನಾರ್ವೆಯ ತಮ್ಮೂರಿಗೆ ಹೊರಟಿದ್ದಾರೆ. ಬೆನ್ನ ಹಿಂದೆ ಒಬ್ಬ ಶತ್ರು, ಇನ್ನೊಂದೆಡೆ ಅವರನ್ನು ಹುಡುಕುತ್ತಿರುವ ಅಪ್ಪ. ಈ ಮಕ್ಕಳಿಗೆ ಹಾಡು ಸ್ಪರ್ಧೆಯಲ್ಲಿ ಗೆಲ್ಲುವ ವಿದ್ಯೆಯಲ್ಲ, ಊರಿನಿಂದ ಜೊತೆಗೆ ಬಂದದ್ದು ಅದೊಂದೇ.

ಹಾಗಾಗಿ ನಿಮ್ಮ ಕಥೆ ಶುರು ಮಾಡುವ ಮುನ್ನ ಒಂದು ಸಾಲು ಬರೆದಿಟ್ಟುಕೊಳ್ಳಿ: ಈ ಹಾಡಿನಿಂದ ಏನು ಬದಲಾಗುತ್ತದೆ? ಹಾಡನ್ನು ತೆಗೆದು ಆ ಜಾಗಕ್ಕೆ ಓಟದ ಪಂದ್ಯ ಇಟ್ಟರೂ ಕಥೆ ನಡೆಯುತ್ತದೆ ಎಂದಾದರೆ ನಿಮ್ಮ ನಾಯಕಿ ಇನ್ನೂ ಹಾಡುಗಾರ್ತಿಯಾಗಿಲ್ಲ.

ಎರಡನೆಯದು, ಅವಳ ದನಿಯನ್ನು ಅಡಗಿಸುವವರು ಯಾರು ಎಂಬುದು. ಇದನ್ನು ಕಲಿಯಲು ಹಾಡಿಲ್ಲದ ಕಥೆಯೊಂದನ್ನೂ ಓದಬೇಕು. 1977ರ ‘ಜಿಂಟಿ’ಯಲ್ಲಿ ಬಂದ ‘ಕರ್ಟನ್ ಆಫ್ ಸೈಲೆನ್ಸ್’ನಲ್ಲಿ ಸೈಕಲ್ ಪಟು ಯವಾನ್ ಆಘಾತದಿಂದ ಮಾತು ಕಳೆದುಕೊಳ್ಳುತ್ತಾಳೆ. ಕಬ್ಬಿಣದ ತೆರೆಯಾಚೆಯ, ಅಂದರೆ ಶೀತಲ ಸಮರದ ಕಾಲದ ಕಮ್ಯುನಿಸ್ಟ್ ಪೂರ್ವ ಯೂರೋಪಿನ, ಕಲ್ಪಿತ ದೇಶವೊಂದರಲ್ಲಿ, ತನ್ನನ್ನೇ ಹೋಲುವ ಮೂಕ ಹುಡುಗಿಯೊಬ್ಬಳ ಜಾಗದಲ್ಲಿ ಸಿಕ್ಕಿಬೀಳುತ್ತಾಳೆ. ‘ನಾನು ಅವಳಲ್ಲ’ ಎಂದು ಹೇಳಲು ದನಿಯೇ ಇಲ್ಲ. ದನಿ ಎಂದರೆ ಗುರುತು ಎಂಬುದನ್ನು ಇಷ್ಟು ನಿರ್ದಯವಾಗಿ ತೋರಿಸಿದ ಕಥೆ ಕಡಿಮೆ. ನಿಮ್ಮ ನಾಯಕಿಯ ವಿರೋಧಿಯನ್ನು ವೇದಿಕೆಯ ಮೇಲೆ ಹುಡುಕಬೇಡಿ, ಮನೆಯೊಳಗೆ ಹುಡುಕಿ. ಅವಳ ಹಾಡಿನಿಂದ ದುಡ್ಡು ಮಾಡುವ ಮಾವನೋ, ಹಾಡು ಕೇಳಿದರೆ ಸತ್ತ ಮಗಳ ನೆನಪಾಗುವ ಅಜ್ಜಿಯೋ ಆಗಬಹುದು. ನನಗೆ ಅಜ್ಜಿಯೇ ಇಷ್ಟ. ಅವಳಲ್ಲಿ ಕೆಟ್ಟತನವಿಲ್ಲ, ಆದರೂ ಬಾಗಿಲು ಹಾಕುತ್ತಾಳೆ.

ಕಂತಿನ ಅಳತೆ ‘ಜಿಂಟಿ’, ‘ಟ್ಯಾಮಿ’ಗಳಲ್ಲಿ ಸಾಮಾನ್ಯವಾಗಿ ವಾರಕ್ಕೆ 3 ಪುಟ. ಅಷ್ಟರಲ್ಲೇ ಹಿಂದಿನ ವಾರದ ನೆನಪು, ಹೊಸ ತೊಡಕು, ಮುಂದಿನ ವಾರದವರೆಗೆ ಎಳೆದೊಯ್ಯುವ ಕೊನೆಯ ಚಿತ್ರದ ಚೌಕ ಎಲ್ಲವೂ ಬರಬೇಕು. ಇದರಲ್ಲಿ ಹಾಡಿಗೆ ಒಂದೇ ಚೌಕ ಕೊಡಿ, ಹೆಚ್ಚೆಂದರೆ ಎರಡು. ಅದು ಎರಡನೇ ಪುಟದ ಕೆಳಭಾಗದಲ್ಲಿದ್ದರೆ ಅದರ ಪರಿಣಾಮ ತೋರಿಸಲು ಮೂರನೇ ಪುಟ ಪೂರ್ತಿ ಉಳಿಯುತ್ತದೆ.

ಚಿತ್ರಕ್ಕೆ ಬರೋಣ. ಕನ್ನಡಿಯ ಮುಂದೆ ನಿಂತು ‘ಆ’ ಎಂದು ದೀರ್ಘವಾಗಿ ಹಾಡಿ, ಆಮೇಲೆ ಅದೇ ‘ಆ’ ಎಂದು ಕೂಗಿ. ಕೂಗುವಾಗ ಹುಬ್ಬು ಗಂಟಿಕ್ಕುತ್ತದೆ, ಭುಜ ಮೇಲೇರುತ್ತದೆ. ಹಾಡುವಾಗ ಭುಜ ಇಳಿದಿರುತ್ತದೆ, ಪಕ್ಕೆಲುಬು ಅಗಲವಾಗುತ್ತದೆ. ಬಾಯಿಗಿಂತ ಮೊದಲು ಈ ಭುಜವನ್ನು ಬರೆಯಿರಿ. ಬಾಯಿ ಅರ್ಧ ತೆರೆದಿದ್ದರೆ ಸಾಕು, ಹಲ್ಲು ಎಣಿಸಿ ಬರೆಯುವುದಂತೂ ಬೇಡವೇ ಬೇಡ. ಮುಕ್ಕಾಲು ಪಾಲು ತಿರುಗಿದ ಮುಖ ನೇರ ಮುಖಕ್ಕಿಂತ ಚೆನ್ನಾಗಿ ಹಾಡುತ್ತದೆ.

ಇನ್ನು ಕೇಳುಗರು. ಅವರನ್ನು ಹಾಡುವವಳಿಗಿಂತ ದೊಡ್ಡದಾಗಿ, ಚೌಕದ ಮುಂಭಾಗದಲ್ಲಿ ಇಡಿ. ಎಲ್ಲರಿಗೂ ಒಂದೇ ಮೆಚ್ಚುಗೆಯ ಮುಖ ಹಾಕಿದರೆ ಹಾಡು ಸತ್ತಂತೆಯೇ. ಒಬ್ಬನ ಕೈಯ ಕೆಲಸ ಅರ್ಧಕ್ಕೆ ನಿಲ್ಲಲಿ, ಒಬ್ಬಳು ಮುಖ ತಿರುಗಿಸಲಿ, ಒಂದು ಮಗು ಏನೂ ಗಮನಿಸದೆ ಬ್ರೆಡ್ ತಿನ್ನುತ್ತಿರಲಿ. ಆ ಮಗುವಿನಿಂದಲೇ ಉಳಿದವರ ಮುಖ ನಿಜವೆನಿಸುತ್ತದೆ. ಈ ಪತ್ರಿಕೆಗಳ ಒಳಪುಟಗಳು ಬಹುಪಾಲು ಕಪ್ಪು-ಬಿಳುಪು, ಕಾಗದ ಅಗ್ಗದ್ದು. ಹಾಡಿನ ಚೌಕದಲ್ಲಿ ಹಿನ್ನೆಲೆ ತೆಗೆದು ಬಿಳಿ ಬಿಟ್ಟು ನೋಡಿ. ಸುತ್ತಲಿನ ತುಂಬಿದ ಚೌಕಗಳ ನಡುವೆ ಆ ಖಾಲಿಯಲ್ಲಿ ಕಣ್ಣು ತಾನಾಗಿ ನಿಲ್ಲುತ್ತದೆ.

ಹಾಡಿನ ಸಾಹಿತ್ಯ ಎರಡು ಸಾಲು ದಾಟದಿರಲಿ. ಮಾತು ಬರೆಯುವ ಬಲೂನಿನ ಅಂಚು ಅಲೆಯಂತಿರಲಿ, ಸಂಗೀತದ ಸ್ವರಚಿಹ್ನೆ ಒಂದೆರಡು ಸಾಕು. ಸಿನಿಮಾ ಹಾಡು, ಭಾವಗೀತೆಗಳನ್ನು ಅನುಮತಿಯಿಲ್ಲದೆ ಬಳಸಬೇಡಿ. ಭಾರತದಲ್ಲಿ ಕವಿ ತೀರಿಕೊಂಡ 60 ವರ್ಷದವರೆಗೆ ಹಕ್ಕುಸ್ವಾಮ್ಯ ಇರುತ್ತದೆ, ಬ್ರಿಟನ್ನಿನಲ್ಲಿ 70. ಪುರಂದರದಾಸರ ಪದಗಳಿಗೆ ಈ ತೊಡಕಿಲ್ಲ. ನೀವೇ ಕಟ್ಟಿದ ಎರಡು ಸಾಲಾದರೆ ಇನ್ನೂ ಒಳ್ಳೆಯದು, ಅವನ್ನು ಕಥೆಯ ಅಗತ್ಯಕ್ಕೆ ತಕ್ಕಂತೆ ಬದಲಿಸಬಹುದು.

ಹಳೆಯ ಸಂಚಿಕೆ ಹುಡುಕುವವರಿಗೆ ಎರಡು ಮಾತು. ಕಥೆ ಬರೆದವರ ಹೆಸರು ಹಿಡಿದು ಹೊರಟರೆ ಬಹುತೇಕ ಬರಿಗೈ, ಏಕೆಂದರೆ ‘ಟ್ಯಾಮಿ’ ಕೂಡ ಹೆಸರು ಹಾಕಲು ಶುರು ಮಾಡಿದ್ದು 1982ರಲ್ಲಿ. ಆ ಲೇಖಕರಿಗೆ ಆದ ಅನ್ಯಾಯ ನನಗೆ ಇಂದಿಗೂ ನೋವಿನ ವಿಷಯ. ಪತ್ರಿಕೆಯ ಹೆಸರು, ವರ್ಷ ಹಿಡಿದು ಹುಡುಕಿ. ‘ಜಿಂಟಿ’ 1981ರಲ್ಲಿ ‘ಟ್ಯಾಮಿ’ಯೊಳಗೆ ಸೇರಿಹೋಯಿತು. ವಾರ್ಷಿಕ ಸಂಚಿಕೆಯ ಮೇಲೆ 1975 ಎಂದಿದ್ದರೆ ಅದು ಅಂಗಡಿಗೆ ಬಂದದ್ದು 1974ರ ಕ್ರಿಸ್‌ಮಸ್‌ಗೆ ಮುಂಚೆ. ‘ಜಿಂಟಿ’, ‘ಟ್ಯಾಮಿ’, ‘ಮಿಸ್ಟಿ’ಯ ಕೆಲವು ಕಥೆಗಳನ್ನು ರೆಬೆಲಿಯನ್ ಪ್ರಕಾಶನ ಈಗ ಪುಸ್ತಕವಾಗಿ ತಂದಿದೆ, ಭಾರತದಲ್ಲಿ ಕುಳಿತವರಿಗೆ ಅದು ಸುಲಭದ ದಾರಿ.

ನಿಮ್ಮ 3 ಪುಟ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ. ಬಲೂನುಗಳ ಮೇಲೆಲ್ಲ ಕಾಗದದ ಚೂರು ಇಟ್ಟು ಮುಚ್ಚಿ, ಕಥೆ ಗೊತ್ತಿಲ್ಲದ ಮಗುವಿಗೆ ಕೊಟ್ಟು, ‘ಇವಳು ಹಾಡ್ತಿರೋದು ಎಲ್ಲಿ, ತೋರ್ಸು ಪುಟ್ಟಾ’ ಎನ್ನಿ. ಬೆರಳು ಬೇರೆ ಚೌಕಕ್ಕೆ ಹೋದರೆ ಕೇಳುಗರ ಮುಖಗಳನ್ನು ಅಳಿಸಿ ಮತ್ತೆ ಬರೆಯಿರಿ. ಅವಳ ಬಾಯಿಯನ್ನು ಮುಟ್ಟಬೇಡಿ.